ವಾರ್ಡಿನ ‘ಓವರ್’ ಬಗ್ಗೆ ಥೀಸಿಸ್ ಮಾಡಿ ಮುಗಿಸಿದ ಕಥೆ

ಕಳೆದ ವಾರ ಥೀಸಿಸ್ ಸಲ್ಲಿಸಿದೆ. ಜನರಲ್ ಮೆಡಿಸಿನ್ ಎಂಡಿ, ಕೊನೇ ವರ್ಷ, ಶಿವಮೊಗ್ಗದ ಒಂದು ಬೋಧಕ ಆಸ್ಪತ್ರೆ. ನನ್ನ ಬ್ಯಾಚಿನವರು ಸಕ್ಕರೆ ಕಾಯಿಲೆ, ಇಲಿಜ್ವರ, ಲಿವರ್ ಅಂತ ವಿಷಯ ತಗೊಂಡರು. ನಾನು ತಗೊಂಡಿದ್ದು ಡ್ಯೂಟಿ ಬದಲಾಗುವಾಗ ಒಬ್ಬ ಡಾಕ್ಟರು ತನ್ನ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸುವ ರೀತಿಯನ್ನು. ವಾರ್ಡಿನಲ್ಲಿ ನಾವೆಲ್ಲ ‘ಓವರ್ ಕೊಡೋದು’ ಅನ್ನುತ್ತೇವಲ್ಲ, ಅದನ್ನು.

ಇದೇ ವಿಷಯ ಮಾಡಬೇಕು ಅಂತಿರುವ ಜೂನಿಯರ್‌ಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಎಥಿಕ್ಸ್ ಕಮಿಟಿ (ಅಧ್ಯಯನದಿಂದ ಯಾರಿಗೂ ಅನ್ಯಾಯ ಆಗದ ಹಾಗೆ ನೋಡುವ ಸಮಿತಿ) ಒಪ್ಪುತ್ತಾ? ಯಾರ ಒಪ್ಪಿಗೆ ತಗೋಬೇಕು? ಸೀನಿಯರ್‌ಗಳು ಸಿಟ್ಟಾಗಲ್ವಾ? ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬೇಡ. ಬೇರೆ ಊರುಗಳಲ್ಲಿ ಪಿಜಿ ಮಾಡುತ್ತಿರುವ ಗೆಳೆಯರೂ ಇದೇ ಕಥೆ ಹೇಳುತ್ತಾರೆ.

ಮೊದಲು ಓವರ್ ಹೇಗಿರುತ್ತಿತ್ತು ಅಂತ ಹೇಳಿಬಿಡುತ್ತೇನೆ. ರಾತ್ರಿ ಎಂಟು ಗಂಟೆ. ಹಗಲಿನ ಪಿಜಿ, ಅಂದರೆ ಎಂಡಿ ಓದುತ್ತಲೇ ವಾರ್ಡ್ ನೋಡುವ ಡಾಕ್ಟರು, ಬೆಳಿಗ್ಗೆಯಿಂದ ಒಪಿಡಿ, ರೌಂಡ್ಸ್, ಹೊಸ ಅಡ್ಮಿಷನ್ ಅಂತ ನಿಂತ ಕಾಲ ಮೇಲೆ ಇರುತ್ತಾರೆ. ಮಧ್ಯಾಹ್ನದ ಊಟ ಎಷ್ಟೋ ಸಲ ಆಗಿರುವುದಿಲ್ಲ. ರಾತ್ರಿ ಡ್ಯೂಟಿಯವರು ಬರುತ್ತಾರೆ. ನರ್ಸಿಂಗ್ ಸ್ಟೇಷನ್ ಎದುರು ನಿಂತೇ ಮಾತು. “ಹನ್ನೆರಡನೇ ಬೆಡ್ ಸ್ವಲ್ಪ ಸಿಕ್. ಒಂಬತ್ತಕ್ಕೆ ಪೊಟ್ಯಾಸಿಯಂ ರಿಪೋರ್ಟ್ ಬರ್ಬೇಕು, ನೋಡ್ಕೋ. ಉಳಿದವ್ರೆಲ್ಲ ಸ್ಟೇಬಲ್.” ಅಷ್ಟರಲ್ಲಿ ಕ್ಯಾಶುವಾಲಿಟಿಯಿಂದ ಫೋನ್. ಅಲ್ಲಿಗೆ ಓವರ್ ಮುಗಿಯಿತು. ಕೇಳಿಸಿಕೊಂಡವರ ಹತ್ತಿರ ಚೀಟಿ ಇದ್ದರೆ ಪುಣ್ಯ. ಇಲ್ಲದಿದ್ದರೆ ಅಂಗೈ ಮೇಲೆ ಪೆನ್ನಿನಲ್ಲಿ ಬೆಡ್ ನಂಬರ್. ಒಂದೆರಡು ಸಲ ಸ್ಯಾನಿಟೈಸರ್ ಹಚ್ಚಿದರೆ ಅದೂ ಇಲ್ಲ.

ಈ “ಸ್ಟೇಬಲ್” ಎಂಬ ಮಾತು ಮಲೆನಾಡಿನ ಆಸ್ಪತ್ರೆಯಲ್ಲಿ ಎಷ್ಟು ಅಪಾಯ ಅಂತ ನನಗೆ ಸೇರಿದ ಹೊಸತರಲ್ಲೇ ಗೊತ್ತಾಯಿತು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ತೋಟದ ಕೆಲಸಕ್ಕೆ ಹೋದವರೊಬ್ಬರಿಗೆ ಕೊಳಕುಮಂಡಲ ಕಚ್ಚಿತ್ತು. ಈ ಹಾವಿನ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ನಾವು ಮಾಡುವ ಟೆಸ್ಟ್ ತುಂಬ ಸರಳ. ಒಣಗಿದ, ಶುದ್ಧ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ರಕ್ತ ನೀರಿನ ಹಾಗೆ ಹರಿದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಬೇಕು. ಎಎಸ್‌ವಿ ಕೊಟ್ಟು ಆರು ಗಂಟೆ ಆದ ಮೇಲೆ ಮತ್ತೆ ಇದೇ ಟೆಸ್ಟ್. ಆಗಲೂ ಹೆಪ್ಪುಗಟ್ಟದಿದ್ದರೆ ಇನ್ನೊಂದು ಡೋಸ್.

ಲೆಕ್ಕ ಹಾಕಿ. ರಾತ್ರಿ ಎಂಟಕ್ಕೆ ಎಎಸ್‌ವಿ ಮುಗಿದರೆ ಮುಂದಿನ ಟೆಸ್ಟ್ ರಾತ್ರಿ ಎರಡಕ್ಕೆ. ಎಎಸ್‌ವಿ ಕೊಟ್ಟ ಡಾಕ್ಟರು ಆಗ ಹಾಸ್ಟೆಲಿನಲ್ಲಿ ಮಲಗಿರುತ್ತಾರೆ. ಟೆಸ್ಟ್ ಮಾಡಬೇಕಾದವರು ಬೇರೆ. ಅವತ್ತು ಓವರ್‌ನಲ್ಲಿ “ಸ್ನೇಕ್ ಬೈಟ್, ಎಎಸ್‌ವಿ ಆಗಿದೆ, ಸ್ಟೇಬಲ್” ಅಂತ ಮಾತ್ರ ಹೋಗಿತ್ತು. ಎರಡು ಗಂಟೆಯ ಟೆಸ್ಟ್ ಕೇಸ್ ಶೀಟಿನ ಒಳಗೆ ಬರೆದಿತ್ತು, ಬಾಯಲ್ಲಿ ಬರಲಿಲ್ಲ. ಬೆಳಗಿನ ಜಾವ ಸಿಸ್ಟರ್ ಕ್ಯಾನುಲಾ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಿರುವುದನ್ನು ನೋಡಿ ಡಾಕ್ಟರನ್ನು ಎಬ್ಬಿಸಿದರು. ಆ ರೋಗಿ ಬದುಕಿ ಮನೆಗೆ ಹೋದರು. ಆ ರಾತ್ರಿ ಡ್ಯೂಟಿಯಲ್ಲಿದ್ದ ಇಬ್ಬರೂ ಒಳ್ಳೆಯ ಡಾಕ್ಟರುಗಳು, ಇಬ್ಬರೂ ಮೈಮುರಿದು ದುಡಿಯುವವರು. ಆದರೂ ಮಾತು ನಡುವೆ ಬಿದ್ದುಹೋಯಿತು. ಅದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಗೈಡ್ ಹತ್ತಿರ ಹೋದೆ. ಮೇಡಂ ಪೂರ್ತಿ ಕೇಳಿ, “ಇದು ಮೆಡಿಸಿನ್ ಥೀಸಿಸ್ಸಾ ಅಮ್ಮಾ? ಎಕ್ಸಾಮಿನರ್ ಒಪ್ತಾರಾ?” ಅಂದರು. ನ್ಯಾಯವಾದ ಪ್ರಶ್ನೆಯೇ. ಓದಿಕೊಂಡು ಬಾ, ಆಮೇಲೆ ಮಾತಾಡೋಣ ಅಂದರು. ನೀವೂ ಗೈಡ್ ಹತ್ತಿರ ಬರಿಗೈಲಿ ಹೋಗಬೇಡಿ. ಮೇಡಂ ಮನಸ್ಸು ಬದಲಾಗಿದ್ದು ನಾನು ಓದಿಕೊಂಡು ಹೋಗಿದ್ದರಿಂದ.

ಓದಿದ್ದರ ಸಾರ ಇದು. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನೋಡಿಕೊಳ್ಳುತ್ತಿದ್ದವರು ತರಬೇತಿಯಲ್ಲಿದ್ದ, ಗಂಟೆಗಟ್ಟಲೆ ನಿದ್ದೆಗೆಟ್ಟ ಡಾಕ್ಟರುಗಳು. ಅವಳ ತಂದೆ ಬಿಡದೆ ಹೋರಾಡಿದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಆ ಮಿತಿ ಇಡೀ ಅಮೆರಿಕಕ್ಕೆ ಬಂತು. ಡ್ಯೂಟಿ ಚಿಕ್ಕದಾಯಿತು, ಒಳ್ಳೆಯದೇ. ಆದರೆ ಡ್ಯೂಟಿ ಚಿಕ್ಕದಾದಷ್ಟೂ ರೋಗಿ ಕೈ ಬದಲಾಗುವುದು ಜಾಸ್ತಿ. ಮೊದಲು ನಿದ್ದೆ ಇಲ್ಲದೆ ತಪ್ಪಾಗುತ್ತಿತ್ತು, ಈಗ ವಿಷಯ ದಾಟದೆ ತಪ್ಪಾಗಲು ಶುರುವಾಯಿತು. ನಮ್ಮಲ್ಲೂ 1992ರ ರೆಸಿಡೆನ್ಸಿ ಆದೇಶ ವಾರಕ್ಕೆ 48 ಗಂಟೆ ಅನ್ನುತ್ತದೆ. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಪಿಜಿ ನಿಯಮ ಪಿಜಿಗಳಿಗೆ ಸರಿಯಾದ ವಿಶ್ರಾಂತಿ ಕೊಡಬೇಕು ಅನ್ನುತ್ತದೆ. ವಾರ್ಡಿನಲ್ಲಿ ಅದು ಎಷ್ಟು ನಡೆಯುತ್ತಿದೆ ಅಂತ ಪಿಜಿಗಳಿಗೆ ಹೇಳಬೇಕಾಗಿಲ್ಲ. ಆದರೆ ನಾಳೆ ನಿಜವಾಗಿ ಡ್ಯೂಟಿ ಕಡಿಮೆಯಾದರೆ ಓವರ್ ಸರಿಯಿಲ್ಲದ ವಾರ್ಡಿನಲ್ಲಿ ರೋಗಿಗೆ ಕಷ್ಟ ಇನ್ನೂ ಹೆಚ್ಚುತ್ತದೆ. ಮೇಡಂಗೆ ನಾನು ಮುಖ್ಯವಾಗಿ ಹೇಳಿದ್ದು ಇದನ್ನೇ.

ಇನ್ನೊಂದು ಅಧ್ಯಯನದ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಆಮಿ ಸ್ಟಾರ್ಮರ್ ಮತ್ತು ಜೊತೆಯವರು ಅಮೆರಿಕ, ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಮಾಡಿ, 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದು. ಅವರ ಪದ್ಧತಿಯ ಹೆಸರು ಐ-ಪಾಸ್. ಪ್ರತಿ ರೋಗಿಗೂ ಐದು ಸಂಗತಿ ಹೇಳಬೇಕು. ರೋಗಿ ಎಷ್ಟು ಸೀರಿಯಸ್. ಚಿಕ್ಕದಾಗಿ ರೋಗಿಯ ಕಥೆ. ಮಾಡಬೇಕಾದ ಕೆಲಸ, ಯಾರು, ಯಾವಾಗ. ರಾತ್ರಿ ಹೀಗಾದರೆ ಹೀಗೆ ಮಾಡು ಅನ್ನೋ ಮುನ್ನೋಟ. ಕೊನೆಗೆ, ಕೇಳಿಸಿಕೊಂಡವರು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. 10,740 ಅಡ್ಮಿಷನ್‌ಗಳ ಲೆಕ್ಕ ನೋಡಿದರು. ಚಿಕಿತ್ಸೆಯ ತಪ್ಪುಗಳು ಶೇಕಡಾ 23ರಷ್ಟು ಇಳಿದವು. ತಪ್ಪಿಸಬಹುದಾಗಿದ್ದ ಹಾನಿ ಶೇಕಡಾ 30ರಷ್ಟು ಇಳಿಯಿತು. ಓವರ್‌ಗೆ ಹಿಡಿದ ಸಮಯ ಮಾತ್ರ ಒಬ್ಬ ರೋಗಿಗೆ ಎರಡೂವರೆ ನಿಮಿಷದ ಹತ್ತಿರ, ಮೊದಲೂ ಅಷ್ಟೇ, ಆಮೇಲೂ ಅಷ್ಟೇ. “ಟೈಮ್ ಎಲ್ಲಿದೆ?” ಅನ್ನುವವರಿಗೆ ಈ ಒಂದು ಅಂಕಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ. ಜೊತೆಗೆ, ಒಂಬತ್ತು ಕಡೆಯೂ ತಪ್ಪು ಒಂದೇ ಸಮ ಇಳಿಯಲಿಲ್ಲ, ಆರು ಕಡೆ ಮಾತ್ರ ಸ್ಪಷ್ಟವಾಗಿ ಇಳಿಯಿತು ಅನ್ನೋದನ್ನೂ ಮರೆಯಬೇಡಿ. ಪದ್ಧತಿ ಒಂದೇ ಆದರೂ ವಾರ್ಡು ಬೇರೆ ಬೇರೆ.

ಮೇಡಂ ಒಪ್ಪಿದರು. ಸಿನಾಪ್ಸಿಸ್ (ಥೀಸಿಸ್ಸಿನ ರೂಪರೇಖೆ) ಬರೆಯುವುದು ಶುರು. ಅದರ ಜೊತೆಗೇ ಎಥಿಕ್ಸ್ ಕಮಿಟಿಯ ಕಾಗದಗಳು. ಇಲ್ಲಿ ಜೂನಿಯರ್‌ಗಳು ಜಾಸ್ತಿ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೇಕಾದ ಕಾಗದಗಳು: ಪ್ರೋಟೋಕಾಲ್ (ಅಧ್ಯಯನ ಹೇಗೆ ಮಾಡುತ್ತೇವೆ ಅನ್ನುವ ಯೋಜನೆ), ಗೈಡ್ ಸಹಿ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಸಹಿ, ಮಾಹಿತಿ ಪತ್ರ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಒಪ್ಪಿಗೆ ಪತ್ರ, ನಿಮ್ಮ ಮತ್ತು ಗೈಡ್‌ರ ಬಯೋಡೇಟಾ. ನಮ್ಮ ಕಮಿಟಿ ಪ್ರತಿ ಸದಸ್ಯರಿಗೂ ಒಂದೊಂದು ಸೆಟ್ ಕೇಳಿತು. ಜೆರಾಕ್ಸ್ ಅಂಗಡಿಯವರ ಪರಿಚಯ ಚೆನ್ನಾಗಿಯೇ ಆಯಿತು. ಮೀಟಿಂಗ್ ನಿಮ್ಮ ಅನುಕೂಲಕ್ಕೆ ನಡೆಯುವುದಿಲ್ಲ. ನನ್ನ ಫೈಲ್ ಒಂದು ಮೀಟಿಂಗ್‌ಗೆ ತಡವಾಗಿ ತಲುಪಿತು, ಯಾಕೆಂದರೆ ಸಹಿ ಆಗಬೇಕಾದ ಮೇಜಿನ ಮೇಲೆ ಬೇರೆ ಫೈಲುಗಳ ಅಡಿಯಲ್ಲಿ ಅದು ಕೂತಿತ್ತು. ಮುಂದಿನ ಮೀಟಿಂಗ್‌ವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆ ದಿನಗಳಲ್ಲಿ ವಿಷಯ ಬದಲಾಯಿಸಿಬಿಡೋಣ ಅನ್ನಿಸಿದ್ದೂ ಇದೆ. ಫೈಲ್ ಕೊಟ್ಟ ದಿನಾಂಕ ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹುಡುಕುವಾಗ ಅದೇ ಆಧಾರ.

ಕಾಯುವಾಗ ಸುಮ್ನೆ ಕೂರಬೇಡಿ. ಎನ್‌ಎಂಸಿ ಹೇಳಿದ ರಿಸರ್ಚ್ ಕೋರ್ಸ್ ಆನ್‌ಲೈನಿನಲ್ಲಿ ಇದೆ. ಹೇಗೂ ಮಾಡಲೇಬೇಕು. ನಾನು ಆಗಲೇ ಮುಗಿಸಿಕೊಂಡೆ. ಸ್ಯಾಂಪಲ್, ಪಕ್ಷಪಾತ ಅಂದರೆ ಏನು ಅಂತ ಅದರಲ್ಲಿ ಕಲಿತಿದ್ದು ಕಮಿಟಿ ಎದುರು ಕೆಲಸಕ್ಕೆ ಬಂತು.

ಕಮಿಟಿಯವರು ಕೇಳಿದ ಮೊದಲ ಪ್ರಶ್ನೆ, ಈ ಅಧ್ಯಯನದಲ್ಲಿ ಭಾಗವಹಿಸುವವರು ಯಾರು? ನಾನು ರೋಗಿಗಳ ರಕ್ತ ತೆಗೆಯುತ್ತಿಲ್ಲ, ಔಷಧ ಬದಲಿಸುತ್ತಿಲ್ಲ. ನಾನು ಗಮನಿಸುವುದು ಡಾಕ್ಟರುಗಳನ್ನು. ಹಾಗಾಗಿ ಒಪ್ಪಿಗೆ ಬೇಕಾಗಿದ್ದು ಪಿಜಿಗಳದ್ದು. ಆಗ ಕಮಿಟಿಯ ವಕೀಲರು ಕೇಳಿದರು, “ಎಚ್‌ಒಡಿ ಕೈಕೆಳಗಿನ ಹುಡುಗರು ಬೇಡ ಅನ್ನೋಕೆ ಆಗುತ್ತಾ?” ಸರಿಯಾದ ಮಾತು. ಒಪ್ಪಿಗೆ ಪತ್ರ ತಗೊಳ್ಳುವವರು ಎಚ್‌ಒಡಿಯೋ ಗೈಡೋ ಆಗಿರಬಾರದು, ಹೆಸರಿನ ಬದಲು ಕೋಡ್ ನಂಬರ್ ಇರಬೇಕು, ಯಾರ ಓವರ್ ಹೇಗಿತ್ತು ಅಂತ ವಿಭಾಗಕ್ಕೆ ಹೋಗಬಾರದು. ಇಷ್ಟು ಬರೆದುಕೊಟ್ಟ ಮೇಲೆ ಮುಂದೆ ಹೋಯಿತು. ನೀವು ಇದನ್ನು ಮೊದಲೇ ಪ್ರೋಟೋಕಾಲಿನಲ್ಲಿ ಸೇರಿಸಿ, ಒಂದು ಸುತ್ತು ಉಳಿಯುತ್ತದೆ.

ಆದರೆ ನನ್ನನ್ನು ಅಲ್ಲಾಡಿಸಿದ ಪ್ರಶ್ನೆ ಬಂದಿದ್ದು ವೈದ್ಯರಲ್ಲದ ಸದಸ್ಯರಿಂದ. ಪ್ರತಿ ಎಥಿಕ್ಸ್ ಕಮಿಟಿಯಲ್ಲೂ ಜನಸಾಮಾನ್ಯರ ಪರವಾಗಿ ಒಬ್ಬರು ಇರಬೇಕು. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ಅವರು ಕೇಳಿದರು: “ನೀವು ಪಕ್ಕದಲ್ಲಿ ನಿಂತು ಬರ್ಕೊಳ್ತಿರ್ತೀರಿ. ಒಂದು ಮುಖ್ಯವಾದ ವಿಷಯ ಹೇಳದೆ ಬಿಟ್ರು ಅಂತ ನಿಮ್ಗೆ ಗೊತ್ತಾಯ್ತು. ಅಧ್ಯಯನ ಕೆಡುತ್ತೆ ಅಂತ ಸುಮ್ನೆ ಇರ್ತೀರೋ, ಹೇಳ್ತೀರೋ?”

ಹೇಳುತ್ತೇನೆ ಸರ್ ಅಂದೆ. ಹಾಗಾದರೆ ಅದನ್ನು ಬರೆಯಿರಿ ಅಂದರು. ಬರೆದೆ. ರೋಗಿಗೆ ಅಪಾಯ ಆಗಬಹುದಾದ ವಿಷಯ ಬಿಟ್ಟುಹೋದರೆ ಓವರ್ ಮುಗಿದ ಕೂಡಲೇ ತಿಳಿಸುವುದು, ಅಂಥದ್ದನ್ನು ಪ್ರತ್ಯೇಕವಾಗಿ ದಾಖಲಿಸುವುದು. ಇಡೀ ಪ್ರೋಟೋಕಾಲಿನಲ್ಲಿ ನನಗೆ ತುಂಬ ಬೆಲೆ ಇರುವ ಸಾಲು ಅದೇ. ಆಮೇಲೆ ಅದು ನಿಜವಾಗಿಯೂ ಬಳಕೆಗೆ ಬಂತು.

ಒಪ್ಪಿಗೆ ಸಿಕ್ಕ ಮೇಲೆ ಮೊದಲ ಹಂತ, ಏನೂ ಬದಲಾಯಿಸದೆ ಸುಮ್ಮನೆ ನೋಡುವುದು. ಇದು ಮನಸ್ಸಿಗೆ ಕಷ್ಟ. ನಾನು ಪ್ಯಾಡ್ ಹಿಡಿದು ನಿಂತರೆ ಮಾತು ನಿಲ್ಲುತ್ತಿತ್ತು. “ಸಿಐಡಿ ಬಂದ್ಲು” ಅಂತ ನಗುತ್ತಿದ್ದರು. ನಗುವಿನ ಹಿಂದೆ ಮುಜುಗರವೂ ಇತ್ತು. ಒಬ್ಬ ಸೀನಿಯರ್ ನೇರವಾಗಿಯೇ, “ನಮ್ಮ ತಪ್ಪು ಹುಡುಕಿ ಡಿಗ್ರಿ ತಗೋತೀಯಾ?” ಅಂದರು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆಮೇಲೆ ಅವರ ಹತ್ತಿರ ಕೂತು ಕೋಡ್ ನಂಬರಿನ ವಿಷಯ, ವಿಭಾಗಕ್ಕೆ ಏನೂ ಹೋಗುವುದಿಲ್ಲ ಅನ್ನುವ ವಿಷಯ ತೋರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಅಡ್ಡವೂ ಬರಲಿಲ್ಲ. ಮೊದಲ ಕೆಲವು ದಿನಗಳ ಲೆಕ್ಕ ಬಿಟ್ಟುಬಿಡಿ. ಜನ ನಿಮ್ಮನ್ನು ಮರೆತು ಎಂದಿನ ಹಾಗೆ ಮಾತಾಡಲು ಶುರು ಮಾಡಿದ ಮೇಲಿನದ್ದು ಮಾತ್ರ ನಿಜವಾದ ಲೆಕ್ಕ.

ನೋಡುತ್ತಾ ನೋಡುತ್ತಾ ಗೊತ್ತಾಗಿದ್ದು ಇದು. ರೋಗದ ಹೆಸರು ಯಾರೂ ಬಿಡುವುದಿಲ್ಲ. ಔಷಧವೂ ಹೆಚ್ಚಾಗಿ ಬರುತ್ತದೆ. ಬಿಟ್ಟುಹೋಗುವುದು ಎರಡು: ರಾತ್ರಿ ಗಡಿಯಾರ ನೋಡಿ ಮಾಡಬೇಕಾದ ಕೆಲಸ, ಮತ್ತು ಹೀಗಾದರೆ ಏನು ಮಾಡಬೇಕು ಅನ್ನುವ ಯೋಚನೆ. ಹಗಲಿನ ಡಾಕ್ಟರಿನ ತಲೆಯಲ್ಲಿ ಅದು ಇದ್ದೇ ಇರುತ್ತದೆ. ತನಗೆ ಗೊತ್ತಿರುವುದು ಎದುರಿನವರಿಗೂ ಗೊತ್ತು ಅಂದುಕೊಂಡು ಹೇಳುವುದಿಲ್ಲ.

ಈ ಹಂತದಲ್ಲೇ ಸಿಸ್ಟರ್‌ಗಳ ಓವರ್ ನನ್ನ ಕಣ್ಣಿಗೆ ಬಿತ್ತು. ಇಷ್ಟು ದಿನ ಅದೇ ವಾರ್ಡಿನಲ್ಲಿ ಓಡಾಡಿದ್ದರೂ ಗಮನ ಕೊಟ್ಟಿರಲಿಲ್ಲ. ಅವರು ರಿಪೋರ್ಟ್ ಬುಕ್ ಹಿಡಿದು ಒಂದೊಂದೇ ಹಾಸಿಗೆ ಹತ್ತಿರ ಹೋಗುತ್ತಾರೆ. ಡ್ರಿಪ್‌ನಲ್ಲಿ ಎಷ್ಟು ಉಳಿದಿದೆ ಅಂತ ಬಾಟಲಿ ನೋಡುತ್ತಾರೆ. ಕ್ಯಾಥೆಟರ್ ಬ್ಯಾಗ್ ನೋಡುತ್ತಾರೆ. ರೋಗಿಯ ಮುಖ ನೋಡಿ, “ಏನಜ್ಜ, ಊಟ ಮಾಡಿದ್ರಾ?” ಅಂತ ಮಾತಾಡಿಸುತ್ತಾರೆ. ಒಬ್ಬ ಹಿರಿಯ ಸಿಸ್ಟರ್ ಹೇಳಿದರು, “ನಾವು ಹಾಸಿಗೆ ಹತ್ರ ಹೋಗಿ ಕಣ್ಣಲ್ಲಿ ನೋಡ್ದೆ ಓವರ್ ತಗೊಳ್ಳಲ್ಲ ಡಾಕ್ಟ್ರೇ. ಆಮೇಲೆ ಏನಾದ್ರೂ ಆದ್ರೆ ನಮ್ ತಲೆಗೇ ಬರೋದು.” ಅಮೆರಿಕದ ಪೇಪರ್ ಹುಡುಕುತ್ತಿದ್ದ ನನಗೆ ಅರ್ಧ ಉತ್ತರ ಅದೇ ವಾರ್ಡಿನಲ್ಲಿತ್ತು. ನಿಮ್ಮ ಅಧ್ಯಯನದಲ್ಲಿ ಸಿಸ್ಟರ್‌ಗಳನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ.

ಇನ್ನು ಎರಡನೇ ಹಂತ, ಓವರ್ ಕೊಡುವಾಗ ತುಂಬಬೇಕಾದ ಶೀಟಿನ ವಿಷಯ. ಮೊದಲ ಶೀಟ್ ಎ4 ಹಾಳೆಯ ಎರಡೂ ಬದಿ ತುಂಬಿತ್ತು. ಯಾರೂ ತುಂಬಲಿಲ್ಲ. ಅರ್ಧ ಮಾಡಿದೆವು, ಆಗಲೂ ಜಾಸ್ತಿಯೇ. ಕೊನೆಗೆ ಉಳಿದಿದ್ದು ಒಬ್ಬ ರೋಗಿಗೆ ಒಂದು ಸಾಲು: ಬೆಡ್, ಸೀರಿಯಸ್ಸೋ ಅಲ್ಲವೋ, ಒಂದು ವಾಕ್ಯದ ಕಥೆ, ಗಂಟೆ ಸಮೇತ ಕೆಲಸ, ‘ಹೀಗಾದರೆ ಹೀಗೆ’. ಕೆಲಸದ ಕಾಲಂನಲ್ಲಿ ಗಂಟೆ ಬರೆಯದಿದ್ದರೆ ಆ ಸಾಲು ಅಪೂರ್ಣ ಅಂತ ನಿಯಮ ಮಾಡಿದೆವು. “ರಿಪೀಟ್ ಟೆಸ್ಟ್” ಅಂತ ಬರೆಯುವಂತಿಲ್ಲ. “ರಾತ್ರಿ 2ಕ್ಕೆ ಟೆಸ್ಟ್. ಹೆಪ್ಪುಗಟ್ಟದಿದ್ದರೆ ಎಎಸ್‌ವಿ, ಅಸಿಸ್ಟೆಂಟ್ ಪ್ರೊಫೆಸರ್‌ಗೆ ಫೋನ್” ಅಂತ ಬರೆಯಬೇಕು. ಎಲ್ಲ ರೋಗಿಗಳಿಗೂ ಇಷ್ಟು ಬೇಡ. ನಾಳೆ ಮನೆಗೆ ಹೋಗುವವರಿಗೆ ಅರ್ಧ ಸಾಲು ಸಾಕು. ಸೀರಿಯಸ್ ಇರುವವರಿಂದಲೇ ಓವರ್ ಶುರು ಮಾಡಬೇಕು, ಬೆಡ್ ನಂಬರ್ ಕ್ರಮದಲ್ಲಿ ಅಲ್ಲ. ಫೋನ್ ಬಂದು ಮಾತು ನಿಂತರೂ ಮುಖ್ಯವಾದದ್ದು ಆಗಲೇ ದಾಟಿರುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಗ್ರೂಪಿನಲ್ಲಿ ಹಿಂದಿನ ಬ್ಯಾಚಿನವರೂ ಇದ್ದರು, ಯಾವತ್ತೋ ಕೋರ್ಸ್ ಮುಗಿಸಿ ಹೋದವರು. ರೋಗಿಯ ಹೆಸರು, ಎಚ್‌ಐವಿ ರಿಪೋರ್ಟ್, ವಿಷ ಕುಡಿದ ವಿವರ ಅವರ ಫೋನಿಗೂ ಹೋಗುತ್ತಿತ್ತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನೇ ಬಂದಿದೆ. ಕಾನೂನು ಇಲ್ಲದಿದ್ದರೂ ಅದು ಸರಿಯಲ್ಲ, ಅಲ್ವಾ? ನಾವು ಕಾಗದವನ್ನೇ ಇಟ್ಟುಕೊಂಡೆವು. ಹಗಲಿನವರು, ರಾತ್ರಿಯವರು ಇಬ್ಬರೂ ಸಹಿ ಹಾಕಿದ ಮೇಲೆ ಶೀಟ್ ವಾರ್ಡಿನ ಫೈಲಿಗೆ ಹೋಗುತ್ತದೆ, ಜೇಬಿಗಲ್ಲ. ಖರ್ಚು ಅಂದರೆ ಪ್ರಿಂಟ್, ಜೆರಾಕ್ಸ್, ಎರಡು ಕ್ಲಿಪ್‌ಬೋರ್ಡ್, ಗೋಡೆಗೆ ಹಾಕಲು ಲ್ಯಾಮಿನೇಷನ್ ಮಾಡಿದ ಒಂದು ಚಾರ್ಟ್. ಎಲ್ಲ ನನ್ನ ಸ್ಟೈಪೆಂಡಿನಿಂದ ಹೋಯಿತು, ದೊಡ್ಡ ಮೊತ್ತವೇನಲ್ಲ. ಆದರೆ ಒಂದು ವಾರ ಜೆರಾಕ್ಸ್ ಮುಗಿದರೆ ಪದ್ಧತಿಯೇ ನಿಲ್ಲುತ್ತದೆ. ಆಸ್ಪತ್ರೆಯ ಸ್ಟೋರ್‌ನಿಂದ ಶೀಟ್ ಬರುವಂತೆ ಮೊದಲೇ ಅರ್ಜಿ ಕೊಡಿ. ಅದಕ್ಕೂ ಸಹಿ ಬೇಕು, ಅದೂ ನಿಧಾನ.

ನಾನು ಅಂದುಕೊಂಡ ಹಾಗೆ ದೊಡ್ಡ ತೊಡಕು ಶೀಟಿನದ್ದಾಗಿರಲಿಲ್ಲ, ಸಮಯದ್ದೂ ಜಾಗದ್ದೂ ಆಗಿತ್ತು. ಎಂಟು ಗಂಟೆಗೆ ಇಬ್ಬರೂ ಒಂದೇ ಕಡೆ ಇರಬೇಕು. ಹಗಲಿನವರು ಏಳೂಮುಕ್ಕಾಲಿಗೆ ಹೊರಡುವ ತವಕದಲ್ಲಿ, ರಾತ್ರಿಯವರು ಕ್ಯಾಶುವಾಲಿಟಿಯಲ್ಲಿ. ಮೇಡಂ ಇಲ್ಲಿ ನನ್ನ ಬೆನ್ನಿಗೆ ನಿಂತರು. ಎಂಟರಿಂದ ಎಂಟೂಕಾಲು ಓವರ್ ಸಮಯ, ಆ ಹೊತ್ತಿಗೆ ಬರುವ ಫೋನನ್ನು ಹೌಸ್ ಸರ್ಜನ್ (ಎಂಬಿಬಿಎಸ್ ಇಂಟರ್ನ್) ಎತ್ತುತ್ತಾರೆ, ಎಮರ್ಜೆನ್ಸಿ ಮಾತ್ರ ಒಳಗೆ ಬರುತ್ತದೆ ಅಂತ ಯೂನಿಟ್‌ನಲ್ಲಿ ಹೇಳಿಬಿಟ್ಟರು. ಪಿಜಿ ಹೇಳಿದ್ದರೆ ಇದು ನಡೆಯುತ್ತಿರಲಿಲ್ಲ. ಪ್ರೊಫೆಸರ್ ಹೇಳಿದ್ದರಿಂದ ನಡೆಯಿತು. ನಿಮ್ಮ ಗೈಡ್ ಈ ಒಂದು ಮಾತು ಹೇಳಲು ತಯಾರಿಲ್ಲದಿದ್ದರೆ ವಿಷಯ ಬದಲಿಸುವುದೇ ಒಳ್ಳೆಯದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಎಲ್ಲ ಹಳಿಗೆ ಬಂತು ಅನ್ನುವಾಗ ಡಿಆರ್‌ಪಿ ಬಂತು. ಗೊತ್ತಿಲ್ಲದವರಿಗೆ, ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ. ಪಿಜಿಗಳು ಕೋರ್ಸಿನ ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ನಾನು ಪಕ್ಕದ ಜಿಲ್ಲೆಗೆ ಹೋದೆ. ಅಲ್ಲಿ ಓವರ್‌ನ ಇನ್ನೊಂದು ಮುಖ ಕಂಡಿತು. ಅದು ರೆಫರಲ್ ಲೆಟರ್. ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾದ ರೋಗಿಯ ಕೈಯಲ್ಲಿ “ಹೆಚ್ಚಿನ ಚಿಕಿತ್ಸೆಗಾಗಿ” ಅಂತ ಒಂದೇ ಸಾಲಿನ ಚೀಟಿ. ಆಂಬುಲೆನ್ಸಿನಲ್ಲಿ ಅಷ್ಟು ದೂರ ಹೋದ ಮೇಲೆ ಅಲ್ಲಿನ ಡಾಕ್ಟರು ಮೊದಲಿಂದ ಕೇಳಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಇದು ಇನ್ನೂ ಮುಖ್ಯ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಅದು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ, ಆಗ ಮೆದುಳಿಗೂ ತಗಲಬಹುದು. ಜ್ವರ ಶುರುವಾಗಿ ಎಷ್ಟನೇ ದಿನ ಅನ್ನೋದು ಚೀಟಿಯಲ್ಲಿ ಇಲ್ಲದಿದ್ದರೆ ಮುಂದಿನವರಿಗೆ ಇದು ಮೊದಲ ಸುತ್ತೋ ಎರಡನೆಯದೋ ಗೊತ್ತಾಗುವುದಿಲ್ಲ. ಇದು ಬೇರೆಯೇ ಒಂದು ಥೀಸಿಸ್ ಆಗುವಷ್ಟಿದೆ. ಯಾರಾದರೂ ಮಾಡಿ.

ವಾಪಸ್ ಬಂದು ನೋಡಿದರೆ ವಾರ್ಡಿನ ಫೈಲಿನಲ್ಲಿ ಶೀಟುಗಳು ಇದ್ದವು, ಆದರೆ ಅರ್ಧ ಖಾಲಿ. ಕೆಲವು ಕಡೆ ಎಲ್ಲ ಬೆಡ್‌ಗೂ ಸೇರಿಸಿ “ಸ್ಟೇಬಲ್” ಅಂತ ಒಂದೇ ಗೆರೆ ಎಳೆದಿತ್ತು. ಅಳು ಬಂತು. ಹೊಸ ಬ್ಯಾಚ್ ಸೇರಿತ್ತು, ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮೇಡಂ ಹೇಳಿದರು, “ಎಲ್ಲಾನೂ ಒಟ್ಟಿಗೆ ಹಿಡಿಯೋಕೆ ಹೋಗ್ಬೇಡ. ಒಂದನ್ನ ಹಿಡಿ.” ನಾನು ಹಿಡಿದಿದ್ದು ಐ-ಪಾಸ್‌ನ ಐದನೆಯದನ್ನು, ತಿರುಗಿ ಹೇಳುವುದನ್ನು. ಶೀಟಿನಲ್ಲಿ ಏನೇ ಇರಲಿ, ಬಿಡಲಿ. ಸೀರಿಯಸ್ ಇರುವ ಪ್ರತಿ ರೋಗಿಯ ಬಗ್ಗೆ ರಾತ್ರಿಯವರು ತಮ್ಮ ಬಾಯಿಂದ ತಿರುಗಿ ಹೇಳಲೇಬೇಕು.

ಇದರ ಬೆಲೆ ಒಂದು ರಾತ್ರಿ ಎಲ್ಲರಿಗೂ ಕಂಡಿತು. ಕೀಟನಾಶಕ ಕುಡಿದ ಒಬ್ಬ ಯುವಕ, ಬಂದು ಎರಡನೇ ದಿನ. ಅಟ್ರೋಪಿನ್ ಎಂಬ ಪ್ರತಿವಿಷ ನಡೆಯುತ್ತಿತ್ತು, ಎಚ್ಚರವಾಗಿದ್ದ, ಮಾತಾಡುತ್ತಿದ್ದ. ಹಗಲಿನ ಪಿಜಿ ಓವರ್ ಕೊಟ್ಟಳು. ರಾತ್ರಿಯವನು ಮೊದಲ ವರ್ಷದ ಹುಡುಗ. ತಿರುಗಿ ಹೇಳಿದ: “ಆರ್ಗನೋಫಾಸ್ಫೇಟ್, ಎರಡನೇ ದಿನ, ಅಟ್ರೋಪಿನ್ ಡ್ರಿಪ್, ಸೆಕ್ರೀಷನ್ ನೋಡ್ತಾ ಇರ್ಬೇಕು.” ಅಷ್ಟು ಹೇಳಿ ನಿಲ್ಲಿಸಿದ. ಅವಳು ಕಾದಳು. “ಇನ್ನೊಂದು?” ಅಂದಳು. ಅವನಿಗೆ ಹೊಳೆಯಲಿಲ್ಲ. “ಕುತ್ತಿಗೆ,” ಅಂದಳು. “ದಿಂಬಿನಿಂದ ತಲೆ ಎತ್ತೋಕೆ ಆಗುತ್ತಾ ಅಂತ ಗಂಟೆಗೊಂದ್ಸಲ ಎತ್ತಿಸಿ ನೋಡು. ಎತ್ತೋಕೆ ಆಗ್ಲಿಲ್ಲ ಅಂದ್ರೆ ಉಸಿರಾಟ ಹೋಗೋಕೆ ಶುರು ಅಂತ. ಕಾಯ್ಬೇಡ, ಅನಸ್ತೇಶಿಯಾದವ್ರನ್ನ ಕರಿ.” ಈ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ, ಎಲ್ಲ ಸುಧಾರಿಸಿತು ಅನ್ನುವಾಗಲೇ ಕುತ್ತಿಗೆಯ, ಆಮೇಲೆ ಉಸಿರಾಟದ ಸ್ನಾಯು ಸೋಲುತ್ತವೆ. ಹುಡುಗ ಪೂರ್ತಿ ಮತ್ತೊಮ್ಮೆ ಹೇಳಿದ. ಇಬ್ಬರೂ ಹಾಸಿಗೆ ಹತ್ತಿರ ಹೋಗಿ ರೋಗಿಯ ಕೈಲಿ ತಲೆ ಎತ್ತಿಸಿ ನೋಡಿದರು. ಆಗ ಎತ್ತಿದ. ಮಧ್ಯರಾತ್ರಿ ದಾಟಿದ ಮೇಲೆ ಎತ್ತಲು ಆಗಲಿಲ್ಲ. ಸಮಯಕ್ಕೆ ಉಸಿರಿನ ಟ್ಯೂಬ್ ಬಿತ್ತು, ವೆಂಟಿಲೇಟರಿಗೆ ಹೋದ, ಆಮೇಲೆ ಚೇತರಿಸಿಕೊಂಡು ಅವರಮ್ಮನ ಜೊತೆ ಮನೆಗೆ ಹೋದ. ಅದಾದ ಮೇಲೆ ಯೂನಿಟ್‌ನಲ್ಲಿ ಯಾರಿಗೂ ತಿರುಗಿ ಹೇಳು ಅಂತ ನೆನಪಿಸಬೇಕಾಗಲಿಲ್ಲ. ನನ್ನನ್ನು ಬೈದಿದ್ದ ಸೀನಿಯರ್ ಕೂಡ ಈಗ ಹೇಳಿಸುತ್ತಾರೆ.

ರೋಗಿಯ ಕಡೆಯವರಿಗೂ ಇದು ತಾಗುತ್ತದೆ. ಹೊಸನಗರದ ಕಡೆಯ ಒಬ್ಬ ಅಮ್ಮ ಗಂಡನನ್ನು ನೋಡಿಕೊಳ್ಳುತ್ತಾ ವಾರ್ಡಿನಲ್ಲಿದ್ದರು. “ದಿನಾ ಒಬ್ಬೊಬ್ರು ಬರ್ತೀರಿ, ಎಂತ ಆಯ್ತು ಅಂತ ಮೊದ್ಲಿಂದ ಕೇಳ್ತೀರಿ. ನಂಗೆ ಹೇಳಿ ಹೇಳಿ ಸಾಕಾಯ್ತು” ಅಂದಿದ್ದರು. ಓವರ್‌ನ ಕೊನೆಗೆ ಸೀರಿಯಸ್ ರೋಗಿಗಳ ಹಾಸಿಗೆ ಹತ್ತಿರ ಇಬ್ಬರೂ ಹೋಗುವ ಪದ್ಧತಿ ಬಂದ ಮೇಲೆ, “ಇವತ್ತು ರಾತ್ರಿ ಇವರು ನೋಡ್ಕೋತಾರೆ, ಎಲ್ಲ ಹೇಳಿದೀನಿ” ಅಂತ ಹಗಲಿನವರು ಹೇಳಿ ಹೋಗುತ್ತಾರೆ. ಒಂದೇ ವಾಕ್ಯ. ಕೇಳಿದವರ ಮುಖದಲ್ಲಿ ಎಷ್ಟು ನೆಮ್ಮದಿ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಅಳೆಯಲು ನನ್ನ ಪ್ರೋಟೋಕಾಲಿನಲ್ಲಿ ಜಾಗ ಇರಲಿಲ್ಲ. ನೀವು ಮಾಡುವುದಾದರೆ ರೋಗಿಯ ಕಡೆಯವರಿಗೂ ನಾಲ್ಕು ಪ್ರಶ್ನೆ ಇಡಿ.

ಬರೆಯುವ ಹಂತ ಎಲ್ಲರ ಥೀಸಿಸ್ಸಿನ ಹಾಗೇ. ಸ್ಟ್ಯಾಟಿಸ್ಟಿಕ್ಸ್‌ಗೆ ಕಮ್ಯುನಿಟಿ ಮೆಡಿಸಿನ್ ವಿಭಾಗದವರು ಸಹಾಯ ಮಾಡಿದರು. ಡೇಟಾ ಶುರುವಾಗುವ ಮೊದಲೇ ಅವರ ಹತ್ತಿರ ಹೋಗಿ. ಪ್ಲೇಜಿಯರಿಸಂ ಚೆಕ್, ಬೈಂಡಿಂಗ್, ಮತ್ತೆ ಸಹಿಗಳು. ನನ್ನ ಫಲಿತಾಂಶದ ಸಂಖ್ಯೆಗಳನ್ನು ಇಲ್ಲಿ ಹಾಕುತ್ತಿಲ್ಲ. ಒಂದು ಯೂನಿಟ್ಟಿನ ಲೆಕ್ಕ ಹಿಡಿದು ಎಲ್ಲ ಕಡೆಯೂ ಹೀಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಗಂಟೆ ಸಮೇತ ಕೆಲಸ ಹೇಳುವುದು ಸ್ಪಷ್ಟವಾಗಿ ಹೆಚ್ಚಿತು, ‘ಹೀಗಾದರೆ ಹೀಗೆ’ ಅನ್ನೋದು ಸ್ವಲ್ಪ ಹೆಚ್ಚಿತು, ಭಾನುವಾರದ ಓವರ್ ಇನ್ನೂ ಸುಧಾರಿಸಿಲ್ಲ. ಇಷ್ಟು ಹೇಳಬಲ್ಲೆ. ಭಾನುವಾರ ಹಗಲಿನವರೇ ಕಡಿಮೆ, ಎಂಟೂಕಾಲಿನ ನಿಯಮ ಕಾಯುವವರು ಯಾರೂ ಇರುವುದಿಲ್ಲ.

ಈಗ ಸರ್ಜರಿಯವರು ಶೀಟ್ ಕೇಳಿದ್ದಾರೆ. ಕೊಟ್ಟಿದ್ದೇನೆ. ನಮ್ಮ ಕಾಲಂಗಳನ್ನು ಹಾಗೇ ಇಟ್ಟುಕೊಳ್ಳಬೇಡಿ ಅಂತಲೂ ಹೇಳಿದ್ದೇನೆ. ಅವರಿಗೆ ಡ್ರೈನ್‌ನಲ್ಲಿ ಎಷ್ಟು ಬಂತು, ಆಪರೇಷನ್ ಆಗಿ ಎಷ್ಟನೇ ದಿನ ಅನ್ನೋದು ಬೇಕು, ಮಂಡಲದ ಹಾವಿನ ಟೆಸ್ಟ್ ಅಲ್ಲ. ಮೊದಲು ಒಂದಷ್ಟು ದಿನ ಸಿಸ್ಟರ್‌ಗಳ ಜೊತೆ ಬೆಡ್‌ನಿಂದ ಬೆಡ್‌ಗೆ ಹೋಗಿ ಅವರು ಏನು ಕೇಳುತ್ತಾರೆ ಅಂತ ಬರೆದುಕೊಳ್ಳಿ ಅಂದೆ. ಬೇರೆ ಯಾರಿಗಾದರೂ ಶೀಟ್, ಕನ್ನಡದ ಒಪ್ಪಿಗೆ ಪತ್ರ ಅಥವಾ ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟ ಉತ್ತರಗಳು ಬೇಕಿದ್ದರೆ ಕೇಳಿ, ಕೊಡುತ್ತೇನೆ. ಹೊಸದಾಗಿ ಸೇರಿದವರು ಮಾತ್ರ ಕಮಿಟಿಯ ಮುಂದಿನ ಮೀಟಿಂಗ್ ಯಾವಾಗ, ಫೈಲ್ ಯಾವ ತಾರೀಖಿನೊಳಗೆ ಕೊಡಬೇಕು ಅಂತ ಇವತ್ತೇ ಆಫೀಸಿನಲ್ಲಿ ವಿಚಾರಿಸಿಕೊಳ್ಳಿ.